ಗಂಜಳ ಕುಡಿದ ಡಿಸ್ಕು

ಪಕ್ಕೀರಮ್ಮ ಮುಟ್ಟಿದ್ದರಿಂದಲೇ ಡಿಸ್ಕು ಕೆಟ್ಟಿತೆಂದು, ಹೂ ಬೆಳೆಗಾರರ ಸಂಘದ ಕಂಪ್ಯೂಟರ್ ಕೋಣೆಗೆ ಗಂಜಳ ಚಿಮುಕಿಸಿ, ಅವಳನ್ನು ಹೊಸ್ತಿಲ ಹೊರಗೆ ಕೂರಿಸಿದರು.

ಅದು ಎಂಬತ್ತೊಂಬತ್ತನೆಯ ಇಸವಿ. ಹೂವಿನಹಡಗಲಿ ಹತ್ತಿರದ ಆ ಸಂಘಕ್ಕೆ ಕಂಪ್ಯೂಟರ್ ಬಂದು ಒಂದು ಮಳೆಗಾಲವೂ ಕಳೆದಿರಲಿಲ್ಲ. ಕಂಪ್ಯೂಟರಿನ ಮಗ್ಗುಲಲ್ಲಿ ಡಿಸ್ಕಿನದೇ ಬೇರೆ ಪೆಟ್ಟಿಗೆ, ನಡುವೆ ಚಪ್ಪಟೆ ವೈರು. ಊರಿನ ಮಲ್ಲಿಗೆ ತೋಟಗಳ ಮಾಹಿತಿಯೆಲ್ಲ ಆ ಪೆಟ್ಟಿಗೆಯೊಳಗೆ. ಅದನ್ನು ನಡೆಸಲು ಕಲಿತವಳು ಒಬ್ಬಳೇ, ಕೇರಿಯ ಪಕ್ಕೀರಮ್ಮ. ಸೋಮವಾರ ಡಿಸ್ಕು ಓದಲಾಗುತ್ತಿಲ್ಲವೆಂದು ಪರದೆ ಹೇಳಿತು. ಗಂಜಳ ಬಿದ್ದ ಮೇಲೆ, ಪೆಟ್ಟಿಗೆ ಇದೆಯೆಂಬುದೇ ಕಂಪ್ಯೂಟರಿಗೆ ತಿಳಿಯದಾಯಿತು.

ಈಗ ಅವಳು ಹೊರಗಿನಿಂದ ಹೇಳಬೇಕು, ಕಾರ್ಯದರ್ಶಿ ಹಾಲಸ್ವಾಮಿ ಒಳಗೆ ಕೂತು ಗುಂಡಿ ಒತ್ತಬೇಕು.

"ಏನಂತ ಬರದೈತ್ರೀ ಸಾಹೇಬ್ರ?"

"ನನಗೇನ್ ತಿಳೀತೈತಿ! ಎಲ್ಲಾ ಅಳಿಸಿ ಹೊಸದು ಮಾಡೋ ಆಜ್ಞೆ ಐತಂತಲ್ಲ, ಅದನ್ನ ಹೇಳು."

"ಹಂಗ ಮಾಡಿದ್ರ ಇದ್ದದ್ದೆಲ್ಲಾ ಹೋಗ್ತೈತ್ರಿ."

"ಹೋಗ್ಲಿ. ಮೈಲಿಗಿನೂ ಹೋಗ್ತೈತಿ."

ಪಕ್ಕೀರಮ್ಮ ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮೊನ್ನೆಯವರೆಗೆ ಓಡಿದ ಡಿಸ್ಕು ಯಾಕೆ ನಿಂತಿತು? ತಾನೇ ಏನಾದರೂ ತಪ್ಪು ಒತ್ತಿದಳೇ? ಅವರು ಹೇಳುವುದು ನಿಜವೇ? "ನಾಳಿ ತನಕ ತಡೀರಿ" ಎಂದಷ್ಟೇ ಬೇಡಿಕೊಂಡು, ತನಗೆ ಕಲಿಸಿದ ಕೂಡ್ಲಿಗಿಯ ನಾಗಕ್ಕನಿಗೆ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದಳು.

ಮರುದಿನ ನಾಗಕ್ಕ ಬಂದಿಳಿದಳು.

"ಯಾವ ಪೈಕಿ ನೀವು?" ಹಾಲಸ್ವಾಮಿ ಬಾಗಿಲಲ್ಲೇ ಕೇಳಿದ.

"ಕಂಪ್ಯೂಟರ್ ಪೈಕಿ. ದಾರಿ ಬಿಡ್ರಿ."

ಪಕ್ಕೀರಮ್ಮ ಅವಳ ಸೆರಗು ಜಗ್ಗಿದಳು. "ನಾಗಕ್ಕಾ, ನನ್ನ ಕೈಯಾಗ ಏನರ ಐತೇನ?"

"ಐತಿ, ಕಲಿತ ಕೆಲಸ ಐತಿ. ಕರೆಂಟಿಗೆ ಜಾತಿ ತಿಳೀತಿತ್ತಂದ್ರ ಈ ಊರಾಗ ದೀಪಾನ ಹತ್ತತಿದ್ದಿಲ್ಲ. ಡಿಸ್ಕು ತಕರಾರು ಮಾಡಿದ್ರ ಮೊದ್ಲ ಏನ್ ಮಾಡಂದಿದ್ದೆ?"

"ಆಫ್ ಮಾಡಿ... ವೈರು ನೋಡಂದಿದ್ರಿ."

"ಮತ್ತ ಒಳಗ ಬಾ, ನೋಡು."

ಅಂಜುತ್ತಲೇ ಹೊಸ್ತಿಲು ದಾಟಿದಳು. ಎಲ್ಲ ಆಫ್ ಮಾಡಿ, ಪ್ಲಗ್ ಕಿತ್ತು, ವೈರು ಮುಟ್ಟಿದರೆ ತಾನಾಗಿಯೇ ಕೈಗೆ ಬಂತು. ತುದಿಯ ಪಿನ್ನುಗಳು ಒದ್ದೆ. ಮೂಗಿಗೆ ಹಿಡಿದಳು: ಗಂಜಳ!

"ಸೋಮವಾರ ಪೆಟ್ಟಿಗಿ ಯಾರರ ಸರಿಸಿದ್ರೇನ?" ನಾಗಕ್ಕ ಕೇಳಿದಳು.

ಜವಾನ ಯರ್ರೆಪ್ಪ ತಲೆ ಕೆರೆದುಕೊಂಡ. "ನಾನಾ ಸರಿಸಿದ್ದೆ. ಕ್ವಾಣಿ ತಣ್ಣಗೈತಿ, ಹೂವಿನ ಬುಟ್ಟಿ ಒಳಗ ಇಡಂತ ಸಾಹೇಬ್ರ ಹೇಳಿದ್ರು."

ಪಿನ್ನುಗಳನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿ ಸಂಜೆಯವರೆಗೆ ಫ್ಯಾನಿಗೆ ಒಣಗಿಸಿದರು. ವೈರು ಬಿಗಿಯಾಗಿ ಕೂರಿಸಿ, ಮೊದಲು ಡಿಸ್ಕಿನ ಪೆಟ್ಟಿಗೆ, ಆಮೇಲೆ ಕಂಪ್ಯೂಟರ್ ಆನ್ ಮಾಡಿದರು. ತೋಟಗಳ ಹೆಸರುಗಳು ಸಾಲುಸಾಲಾಗಿ ಪರದೆಯ ಮೇಲೆ ಬಂದವು.

"ಈಗಿಂದೀಗ ಫ್ಲಾಪಿಗೆ ನಕಲು ತಕ್ಕೋ" ಎಂದಳು ನಾಗಕ್ಕ.

ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮ ಡಿಸ್ಕೂ ಒಂದು ದಿನ ಹೀಗೇ ಮಾತು ನಿಲ್ಲಿಸೀತು. ಗಾಬರಿಗೆ ಬಿದ್ದು ಅಳಿಸುವ ಗುಂಡಿಗೆ ಕೈ ಹಾಕಬೇಡಿ. ಆಫ್ ಮಾಡಿ ವೈರು ನೋಡಿ, ತೇವ ನೋಡಿ. ಪೆಟ್ಟಿಗೆಯೊಳಗೇ ನೀರು ಹೋಗಿದ್ದರೆ ಬಿಚ್ಚದೆ ಬಲ್ಲವರನ್ನು ಕರೆಸಿ. ನಡೆಯುತ್ತಿರುವಾಗಲೇ ಇನ್ನೊಂದು ನಕಲು ಇಟ್ಟುಕೊಳ್ಳಿ. ಕೆಟ್ಟದ್ದು ಯಾಕೆ ಕೆಟ್ಟಿತೆಂದು ನೋಡುವ ಮೊದಲೇ ಯಾರ ಕೈ ಮುಟ್ಟಿತೆಂದು ಕೇಳುವವರಿಗೆ ಬಾಯಿಬಿಟ್ಟು ಉತ್ತರ ಕೊಡಿ.

ನಕಲು ಮುಗಿಯಿತು. ಹಾಲಸ್ವಾಮಿ ಕೆಮ್ಮಿದ. "ಆತಲ್ಲ ಪಕ್ಕೀರವ್ವ, ಚಲೋ ಆತು. ಇನ್ನ ಎದ್ದು ಹೊರಗ ಕುಂದ್ರು. ಏನ್ ಒತ್ತಬೇಕಂತ ಅಲ್ಲಿಂದಾನ ಹೇಳು."

ಪಕ್ಕೀರಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಏಳಂಗಿಲ್ರಿ."