ಮಗ್ಗದ ಕೈಗೂ ನಿದ್ದೆ ಬರುತ್ತದೆ

ಮದುವೆ ಸೀರೆಯ ಸೆರಗು ಮುಗಿಯದೆ ನೇಕಾರರ ಮನೆಯಲ್ಲಿ ಯಾರಿಗೆ ನಿದ್ದೆ? ಮೊಳಕಾಲ್ಮೂರಿನ ಪೆದ್ದಮ್ಮನ ಮನೆಯಲ್ಲೂ ಅದೇ ಪಾಡು. ಮಗ ಅಶ್ವಥ್ ರಾತ್ರಿಯೆಲ್ಲ ಮಗ್ಗ ಬಿಟ್ಟು ಎದ್ದಿರಲಿಲ್ಲ. ಸೊಸೆ ಚೌಡೇಶ್ವರಿ ರಾಟೆ ತಿರುಗಿಸಿ ಅವನ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತ ಜೊತೆಗೇ ಕೂತಿದ್ದಳು. ಬೆಳಿಗ್ಗೆ ಸೀರೆ ಮಡಿಸಿ, ಚಳ್ಳಕೆರೆಯ ಮದುವೆ ಮನೆಗೆ ಕೊಟ್ಟು ಬರಲು ಇಬ್ಬರೂ ಬೈಕ್ ಹತ್ತಿದರು.

ಎದುರು ಮನೆಯ ಆಶಾ ಕಾರ್ಯಕರ್ತೆ ಪುಷ್ಪಲತಾ ಅಶ್ವಥನ ಕೆಂಪು ಕಣ್ಣು ಕಂಡು ಓಡಿ ಬಂದಳು.

"ಅಣ್ಣಾ, ಒಂದು ನಿದ್ದೆ ಮಾಡಿ ಹೋಗು. ಇಲ್ಲಾಂದ್ರೆ ಇಬ್ಬರೂ ಬಸ್ಸಿಗೆ ಹೋಗ್ರಿ."

"ಟೀ ಕುಡಿದೀನಿ ಕಣಮ್ಮ. ಮುಖಕ್ಕೆ ನೀರೂ ಹಾಕ್ಕಂಡೀನಿ," ಎಂದ ಅಶ್ವಥ್.

"ಟೀ ಕುಡಿದ್ರೆ ನಿದ್ದೆ ಸ್ವಲ್ಪ ಹೊತ್ತು ಮುಂದಕ್ಕೆ ಹೋಗ್ತೈತೆ, ತೀರೋದಿಲ್ಲ. ಗಾಡಿ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿದ್ರೂ ಮುಗೀತು."

ಪೆದ್ದಮ್ಮನಿಗೆ ರೇಗಿತು. ಹೊರಟವರಿಗೆ ಇಂಥ ಅಪಶಕುನದ ಮಾತೇ?

"ನಮ್ಮ ಮಗ್ಗದೋರ ಕೈಗೆ ನಿದ್ದೆ ಬರಲ್ಲ ಕಣೇ. ಇವರಪ್ಪ ತೂಕಡಿಸ್ತಾ ನೇಯ್ದರೂ ಒಂದು ಎಳೆ ತಪ್ತಿರಲಿಲ್ಲ. ಏಮೀ ಕಾದು, ಏನೂ ಆಗಲ್ಲ. ಹೋಗಿ ಬಾರಪ್ಪ."

"ನಾನು ಹಿಂದೆ ಕುಂತು ಮಾತಾಡಿಸ್ತಾ ಇರ್ತೀನಿ ಬಿಡಕ್ಕ," ಎಂದು ಚೌಡೇಶ್ವರಿ ನಕ್ಕಳು. ಅವಳೂ ನಿದ್ದೆಗೆಟ್ಟವಳೇ ಎಂಬುದು ಅತ್ತೆಗೆ ಹೊಳೆಯಲಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಮದುವೆ ಮನೆಯವರು ಸೀರೆ ನೋಡಿ ಹಿಗ್ಗಿ, ಹೋಳಿಗೆ ಊಟ ಹಾಕಿಸಿ ಕಳಿಸಿದರು. ಹೊಟ್ಟೆ ತುಂಬ ಊಟ, ನೆತ್ತಿ ಸುಡುವ ಬಿಸಿಲು, ಮುಂದೆ ನೇರ ರಸ್ತೆ. ದಾರಿಯಲ್ಲಿ ತಳಕು ಊರು ದಾಟಿದ್ದು ಅಶ್ವಥನಿಗೆ ಇವತ್ತಿಗೂ ನೆನಪಿಲ್ಲ. ಹಿಂದಿನಿಂದ ಮಾತು ಯಾವಾಗ ನಿಂತಿತೋ ಅದೂ ನೆನಪಿಲ್ಲ. ಚೌಡೇಶ್ವರಿ ಅವನ ಬೆನ್ನಿಗೆ ತಲೆಯಿಟ್ಟು ಮಲಗಿಬಿಟ್ಟಿದ್ದಳು. ಬೈಕ್ ರಸ್ತೆ ಬಿಟ್ಟು ಮೋರಿಯ ಕಟ್ಟೆಗೆ ಬಡಿಯಿತು. ಅವಳು ಮತ್ತೆ ಕಣ್ಣು ತೆರೆಯಲಿಲ್ಲ.

ಅಶ್ವಥ್ ಮುರಿದ ಬಲಗೈ ಕಟ್ಟಿಸಿಕೊಂಡು ಮನೆಗೆ ಬಂದ. ಮಗ್ಗದ ಕಡೆ ತಿರುಗಿಯೂ ನೋಡಲಿಲ್ಲ. ರಾಟೆಯ ಮೇಲೆ ಚೌಡೇಶ್ವರಿ ಅರ್ಧ ಸುತ್ತಿದ ಕಂಡಿಕೆ ಹಾಗೇ ಉಳಿದಿತ್ತು. ಅದನ್ನು ಮುಟ್ಟಲು ಪೆದ್ದಮ್ಮ ಯಾರನ್ನೂ ಬಿಡಲಿಲ್ಲ. ಬಂದವರೆಲ್ಲ ಹಣೆಬರಹ ಎಂದರು.

"ಹಣೆಬರಹ ಅನ್ನಬ್ಯಾಡ್ರಿ. ಹೋಗು ಅಂತ ಕಳಿಸಿದೋಳು ನಾನು."

ಪುಷ್ಪಲತಾ ಬಂದಾಗ ಪೆದ್ದಮ್ಮ ಅವಳ ಕೈ ಹಿಡಿದು ಕೇಳಿದಳು: "ನಾನು ಬೈದೆ ಅಂತ ಸುಮ್ಮನಾದೆಯಲ್ಲೇ. ಅವತ್ತು ಗಾಡಿ ಕೀ ಯಾಕೆ ಕಿತ್ಕಳ್ಳಲಿಲ್ಲ?"

"ನಾನೂ ಅದನ್ನೇ ಕೇಳ್ಕೊಂಡು ಅಳ್ತೀನಿ ದೊಡ್ಡಮ್ಮ."

"ಮಗ್ಗದಾಗೆ ಎಳೆ ತಪ್ಪಿದ್ರೆ ಬಿಚ್ಚಿ ನೇಯ್ತೀವಿ. ನನ್ನ ಸೊಸೇನ ಎಲ್ಲಿಂದ ತರಲಿ?"

ಮೊನ್ನೆ ಅದೇ ಬೀದಿಯ ಚಿತ್ತಪ್ಪ ಆಕಳಿಸುತ್ತ ಲಗೇಜ್ ಆಟೋ ಹತ್ತಿದ. ಶೇಂಗಾ ಮೂಟೆ ಹೊತ್ತು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ. ಪೆದ್ದಮ್ಮ ಆಟೋಗೆ ಅಡ್ಡ ನಿಂತಳು.

"ಇಳಿಯೋ ಕೆಳಗೆ. ಕೀ ಕೊಡು."

"ಚಳ್ಳಕೆರೆಗೆ ಹೋಗಬೇಕು, ಬಿಡಜ್ಜಿ. ಏನೂ ಆಗಲ್ಲ."

"ಆ ಮಾತು ನನ್ನ ಮುಂದೆ ಆಡಬ್ಯಾಡ!"

ಅವಳ ದನಿ ಕೇಳಿ ಚಿತ್ತಪ್ಪ ತೆಪ್ಪಗೆ ಇಳಿದ. ಪೆದ್ದಮ್ಮ ಮಗ್ಗದ ಪಕ್ಕ ಚಾಪೆ ಹಾಸಿದಳು. ಅವನು ಮಲಗಿದವನೇ ಗೊರಕೆ ಹೊಡೆದ. ಆಟೋ ಕೀ ಮುಷ್ಟಿಯಲ್ಲಿ ಹಿಡಿದು, ಅವತ್ತು ಈ ಚಾಪೆಯನ್ನು ಮಗ ಸೊಸೆಗೆ ಹಾಸಲಿಲ್ಲವಲ್ಲ ಎಂದು ಅವಳು ಸದ್ದಿಲ್ಲದೆ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ರಾತ್ರಿ ನಿದ್ದೆಗೆಟ್ಟಿದ್ದರೆ ಗಾಡಿ ಮುಟ್ಟಬೇಡಿ. ದಾರಿಯಲ್ಲಿ ಮೇಲಿಂದ ಮೇಲೆ ಆಕಳಿಕೆ ಬಂದರೆ, ಆಗತಾನೇ ದಾಟಿದ ಊರು ನೆನಪಾಗದಿದ್ದರೆ, ಗಾಡಿಯನ್ನು ರಸ್ತೆಯಿಂದ ದೂರ ನಿಲ್ಲಿಸಿ ಮಲಗಿ. ಹಿಂದೆ ಕೂತವರಿಗೂ ನಿದ್ದೆಯಾಗಿರಬೇಕು. ಮನೆಯಲ್ಲಿರುವವರೇ, ಮುಲಾಜಿಲ್ಲದೆ ಕೀ ಕಿತ್ತುಕೊಳ್ಳಿ. ಬೈದರೆ ಬೈಸಿಕೊಳ್ಳಿ. ಬೈದವರು ಸಂಜೆ ಮನೆಗೆ ಬಂದು ಉಂಡರೆ ಸಾಕಲ್ಲವೇ?