ಮೂರನೆಯ ಯಂತ್ರ ಕೊಟ್ಟ ರಸೀದಿ

"ಇದೊಂದೇ ಇಷ್ಟು ಬೇಗ ಹೇಗೆ ಮುಗಿಸ್ತಿದೆ?"

ವೀಟ್ಸ್ಕೆ ಕೇಳಿದ್ದು ಯಾರನ್ನೂ ಅಲ್ಲ. ಖ್ರೋನಿಂಗನ್ ನಗರದ ವಿದ್ಯಾರ್ಥಿ ವಸತಿ ಕಚೇರಿಯಲ್ಲಿ ಆಗಷ್ಟೇ ಒಂಬತ್ತು ಹೊಡೆದು, ಆ ವರ್ಷದ ಕೋಣೆಗಳಿಗೆ ಆನ್‌ಲೈನ್ ಅರ್ಜಿ ತೆರೆದಿತ್ತು. ಮೊದಲು ಬಂದವರಿಗೆ ಮೊದಲ ಕೋಣೆ. ಹಿಂದಿನ ವರ್ಷ ಕೋಣೆ ಸಿಗದ ಮಕ್ಕಳು ಡೇರೆ ಹಾಕಿಕೊಂಡು ಮಲಗಿದ್ದರು.

ಮುಗಿಬಿದ್ದ ಜನವನ್ನು ನಾಲ್ಕು ಸರ್ವರ್‌ಗಳಿಗೆ ಹಂಚುವ ಯಂತ್ರ ಅವಳ ಉಸ್ತುವಾರಿಯಲ್ಲಿತ್ತು. ಯಾವುದರ ಕೈ ಖಾಲಿಯೋ ಅದಕ್ಕೆ ಮುಂದಿನ ಅರ್ಜಿ, ನಿಯಮ ಅಷ್ಟೇ. ಮೂರನೆಯದರ ಕೈ ಸದಾ ಖಾಲಿ. ಅವಳು ಅದರ ಒಳಗೆ ಇಣುಕಿದಳು. ಅದರ ಡಿಸ್ಕ್ ತುಂಬಿಹೋಗಿತ್ತು. ಅರ್ಜಿ ಬರೆದಿಡಲು ಜಾಗವಿಲ್ಲದೆ, ಬಂದವರಿಗೆಲ್ಲ 'ಸ್ವೀಕರಿಸಿದೆ, ಧನ್ಯವಾದ' ಎಂದು ರಸೀದಿ ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಬೇಗ ಮುಗಿಸುತ್ತದಲ್ಲ ಎಂದು ಹಂಚುವ ಯಂತ್ರ ಇನ್ನಷ್ಟು ಮಕ್ಕಳನ್ನು ಅದರ ಬಾಯಿಗೇ ತಳ್ಳುತ್ತಿತ್ತು. ಅದನ್ನು ಬೇರ್ಪಡಿಸುವಷ್ಟರಲ್ಲಿ ನಾನೂರ ಹನ್ನೆರಡು ಅರ್ಜಿಗಳು ಕಳೆದುಹೋಗಿದ್ದವು. ಉಳಿದ ಮೂರು ಸರ್ವರ್‌ಗಳ ಮೂಲಕ ಬಂದವರಿಗೇ ಕೋಣೆಗಳೆಲ್ಲ ಮುಗಿದಿದ್ದವು.

ಸರ್ವರ್ ಬರೆದಿಟ್ಟ ಅರ್ಜಿಯನ್ನು ಮರಳಿ ಓದಿ ನೋಡಿ, ಆಮೇಲಷ್ಟೇ ರಸೀದಿ ಕೊಡಿಸುವ ಪರೀಕ್ಷೆಯೊಂದನ್ನು ಚಳಿಗಾಲದಲ್ಲಿ ಅವಳೇ ಸೇರಿಸಿದ್ದಳು. "ನಿಧಾನ ಮಾಡುತ್ತೆ, ತೆಗಿ" ಎಂದವನು ಮೇಲಧಿಕಾರಿ ಹಾರ್ಮೆನ್. ಮರುಮಾತಾಡದೆ ತೆಗೆದವಳು ಅವಳು.

ಮಧ್ಯಾಹ್ನ ಹಾರ್ಮೆನ್ ಬ್ರೆಡ್ಡಿನ ಡಬ್ಬಿ ಹಿಡಿದೇ ಬಂದ.

"ಅರ್ಜಿ ತಲುಪಿತ್ತು ಅಂತ ಯಾರಿಗೂ ಏನೂ ಬರೆದು ಕೊಡೋದು ಬೇಡ. ಒಬ್ಬರಿಗೆ ಕೊಟ್ರೆ ನಾನೂರು ಮಕ್ಕಳ ಸೈಕಲ್ ಬಂದು ನಮ್ಮ ಗೋಡೆಗೆ ಒರಗ್ತವೆ."

"ಪರೀಕ್ಷೆ ತೆಗೆಸಿದ್ದು ನೀನು, ಹಾರ್ಮೆನ್."

"ನಾನು ಬಾಯಲ್ಲಿ ಹೇಳಿದ್ದು. ದಾಖಲೆಯಲ್ಲಿರೋದು ನಿನ್ನ ಹೆಸರು." ಚೀಸ್ ಬ್ರೆಡ್ ಕಚ್ಚಿ, ಅಗಿಯುತ್ತಲೇ ಕೇಳಿದ: "ನಿನ್ನ ಕೆಲಸದ ಒಪ್ಪಂದ ಅಕ್ಟೋಬರ್‌ವರೆಗೆ ತಾನೆ?"

ಮೂರು ಗಂಟೆಗೆ ಕಿಟಕಿಯ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ನಿಂಕೆ ಅಂತೆ, ಅಮೆಲಾಂಡ್ ದ್ವೀಪದವಳು. ಫೋನು ಚಾಚಿದಳು.

"ನೋಡಿ ಮೇಡಂ, ನಿಮ್ಮದೇ ರಸೀದಿ. ಒಂಬತ್ತು ಗಂಟೆ ಎರಡು ನಿಮಿಷ. ದ್ವೀಪದಿಂದ ದಿನಾ ಹಡಗು ಹತ್ತಿ ಕ್ಲಾಸಿಗೆ ಬರೋಕಾಗುತ್ತಾ? ಕೋಣೆ ಸಿಗದಿದ್ರೆ ಓದೇ ಬಿಡ್ಬೇಕು. ಬರೀ ರಸೀದಿ ಸಾಲದಂತೆ, ಅರ್ಜಿ ನಿಮಗೆ ತಲುಪಿತ್ತು ಅಂತ ಒಂದೇ ಸಾಲು ಬರೆದು ಕೊಡಿ. ಮೇಲ್ಮನವಿಗೆ ಅಷ್ಟು ಸಾಕಂತೆ."

ವೀಟ್ಸ್ಕೆ ರಸೀದಿಯ ಸಂಖ್ಯೆ ಒತ್ತಿದಳು. ಹಂಚುವ ಯಂತ್ರದ ದಾಖಲೆಯಲ್ಲಿ ಅದೇ ಸಂಖ್ಯೆ, ಅದೇ ಗಂಟೆ, ಪಕ್ಕದಲ್ಲಿ ಮೂರು ಎಂಬ ಅಂಕಿ. ಅವಳು ಪರದೆಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು.

"ಬೇಕಾದ್ರೆ ಬರೀ ಸಮಯ ಬರೆದ್ರೂ—"

"ಇಲ್ಲ," ಎಂದಳು ವೀಟ್ಸ್ಕೆ, ಹುಡುಗಿ ಮಾತು ಮುಗಿಸುವ ಮೊದಲೇ. "ಬರೆದು ಕೊಡಲ್ಲ."