ಕಾಗೆಬಂಗಾರ

ತಿಮ್ಮಾಜಮ್ಮನವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅವರ ಬೆನ್ನು. ಮೊಣಕಾಲುದ್ದ ನೀರಿನಲ್ಲಿ ನಿಂತು, ಬಿಸಿಲಿಗೆ ಬೆನ್ನು ಕೊಟ್ಟು, ಕೈಯಲ್ಲಿದ್ದ ಮರಿಗೆಯನ್ನು ತಮ್ಮ ನೆರಳಿನೊಳಕ್ಕೆ ತಂದುಕೊಂಡು ಬಗ್ಗಿ ನೋಡುತ್ತಿದ್ದರು. ಮರಿಗೆಯೆಂದರೆ ಹಲಸಿನ ಮರದಲ್ಲಿ ಕಡೆದ, ಆಳವಿಲ್ಲದ ಅಗಲ ಬೋಗುಣಿ. ಹೊಳೆಯ ಮರಳನ್ನು ಅದರಲ್ಲಿ ತುಂಬಿ, ನೀರಿನಲ್ಲಿ ಕುಲುಕಿ ಕುಲುಕಿ, ಹಗುರವಾದದ್ದನ್ನೆಲ್ಲ ಹರಿಯಬಿಟ್ಟರೆ ಕೊನೆಗೆ ತಳದಲ್ಲಿ ಒಂದು ಚಮಚದಷ್ಟು ಕರಿಮರಳು ಉಳಿಯುತ್ತದೆ. ಅದೃಷ್ಟವಿದ್ದರೆ ಆ ಕರಿಮರಳಿನ ಅಂಚಿನಲ್ಲಿ ಸಾಸಿವೆಯ ಸಿಪ್ಪೆಯಷ್ಟು ಚಿನ್ನ. ಅದೃಷ್ಟವಿಲ್ಲದಿದ್ದರೆ ಸೊಂಟನೋವು. ನನಗೆ ಹೆಚ್ಚಾಗಿ ಸಿಕ್ಕಿದ್ದು ಎರಡನೆಯದು.

ಆ ಊರಿಗೆ ನಾನು ಕೆಲಸದ ಮೇಲೆ ಹೋದ ಹೊಸತು. ಭಾನುವಾರ ಬಂತೆಂದರೆ ಹೊತ್ತು ಹೋಗದೆ ಬಾಡಿಗೆ ಕೋಣೆಯ ಗೋಡೆ ನೋಡಿಕೊಂಡು ಕೂರುತ್ತಿದ್ದೆ. ಒಮ್ಮೆ ಪಂಕ್ಚರ್ ಹಾಕಿಸಲು ರೇವಣ್ಣನ ಸೈಕಲ್ ಶಾಪಿಗೆ ಹೋದಾಗ ದೇವರ ಪಟದ ಪಕ್ಕದಲ್ಲಿ ನೀರು ತುಂಬಿದ ಪುಟ್ಟ ಔಷಧಿ ಸೀಸೆ ಕಂಡಿತು. ತಳದಲ್ಲಿ ಏನೋ ಹಳದಿ ಪುಡಿ.

"ಅದೇನು ರೇವಣ್ಣ?" ಎಂದೆ.

"ಚಿನ್ನ ಸ್ವಾಮಿ. ನಮ್ಮ ಹೊಳೇದು." ಟ್ಯೂಬನ್ನು ಬಕೆಟ್ಟಿನ ನೀರಿಗೆ ಅದ್ದುತ್ತ ಹೇಳಿದ. "ಮದುವೆ ಆದಾಗಿಂದ ಹೆಕ್ತಾ ಇದೀನಿ. ಒಂದು ಮೂಗುಬೊಟ್ಟಿಗೂ ಸಾಲದು ಅಂತ ಹೆಂಡ್ತಿ ದಿನಾ ಮಂಗಳಾರತಿ ಎತ್ತುತಾಳೆ."

"ಮಾರೋದಿಲ್ವಾ?"

"ಮಾರೋದಾ! ಬಿಡ್ತು ಅನ್ನಿ. ಬೀಡಿ ಸೇದೋರು ಹೊಗೆ ಮಾರ್ತಾರಾ?"

ಮುಂದಿನ ಭಾನುವಾರವೇ ಅವನ ಬೆನ್ನು ಹತ್ತಿ ಹೊಳೆಗೆ ಹೋದೆ. ಚಟದವರು ಒಟ್ಟು ಮೂವರು. ಬಾಯಿ ಮುಚ್ಚದ ರೇವಣ್ಣ, ಬಾಯಿ ತೆರೆಯದ ದರ್ಜಿ ಪೀರ್ ಸಾಹೇಬರು, ಇಬ್ಬರಿಗೂ ಹಿರಿಯರಾದ ತಿಮ್ಮಾಜಮ್ಮ. ಆಕೆ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಊರಿನ ಅರ್ಧ ಜನ ಅವರ ಕೈಗೇ ಹುಟ್ಟಿದ್ದರು. ಯಾರ ಮನೆಯಲ್ಲಿ ಮದುವೆಯಾದರೂ ಅರಿಶಿನ ಕುಟ್ಟುವುದಕ್ಕೆ ಒನಕೆಗೆ ಮೊದಲ ಕೈ ಅವರದೇ ಆಗಬೇಕು. ಹಣೆಯ ಮೇಲೆ ಇಷ್ಟು ದೊಡ್ಡ ಕುಂಕುಮ. ಮಾತು ಮಾತ್ರ ಮುಖಕ್ಕೆ ಹೊಡೆದ ಹಾಗೆ. ಮಗು ಉಳಿಯುವುದಿಲ್ಲ ಎಂದರೆ ಉಳಿಯುವುದಿಲ್ಲ ಎಂದೇ ತಾಯಿಗೆ ಹೇಳುತ್ತಿದ್ದರಂತೆ. ಸುಳ್ಳು ಸಮಾಧಾನ ಅವರಿಗೆ ಬರುತ್ತಿರಲಿಲ್ಲ.

ಮೊದಲ ದಿನವೇ ನಾನು ಹೊಳೆ ಹಾರಿಹೋಗುವ ಹಾಗೆ ಕೂಗಿದೆ. "ಚಿನ್ನ! ಅಯ್ಯೋ ಬನ್ರೀ, ಚಿನ್ನ!"

ಮರಿಗೆಯ ತುಂಬ ಥಳಥಳ ಹೊಳೆಯುತ್ತಿತ್ತು. ತಿಮ್ಮಾಜಮ್ಮ ನಿಧಾನವಾಗಿ ನೀರು ಸೀಳಿಕೊಂಡು ಬಂದರು. ನನ್ನ ಎರಡೂ ಭುಜ ಹಿಡಿದು, ಮಗುವನ್ನು ತಿರುಗಿಸುವ ಹಾಗೆ ತಿರುಗಿಸಿ ನಿಲ್ಲಿಸಿದರು. ನನ್ನ ನೆರಳು ಮರಿಗೆಯ ಮೇಲೆ ಬಿತ್ತು. ಹೊಳಪೆಲ್ಲ ಒಂದೇ ಸಲಕ್ಕೆ ಸತ್ತುಹೋಗಿ ಬೂದು ಬಣ್ಣದ ಚೂರುಗಳು ಉಳಿದವು.

"ನೆರಳಿಗೆ ಹಿಡೀಬೇಕು ಕಣಪ್ಪ. ಬಿಸಿಲಲ್ಲಿ ಎಲ್ಲಾನೂ ಹೊಳೀತದೆ. ನೆರಳಲ್ಲೂ ಬಣ್ಣ ಬಿಡದೆ ಇದ್ರೆ ಅದು ಚಿನ್ನ. ಇದು ಕಾಗೆಬಂಗಾರ. ಚೆಲ್ಲು."

ಚೆಲ್ಲಿದೆ. ಅಂದಿನಿಂದ ರೇವಣ್ಣನ ಬಾಯಲ್ಲಿ ನಾನು 'ಕಾಗೆಬಂಗಾರದ ಸಾವ್ಕಾರ್ರು' ಆದೆ. ಅವರಲ್ಲಿ ಕಟ್ಟಳೆಯೇ ಹಾಗಿತ್ತು. ಏನು ಸಿಕ್ಕರೂ ಮೊದಲು ತಿಮ್ಮಾಜಮ್ಮನವರ ಕೈಗೆ. ಅವರು ಕಾಗೆಬಂಗಾರ ಎಂದರೆ ಮರುಮಾತಿಲ್ಲದೆ ಅದು ಹೊಳೆಗೆ.

ಇನ್ನೊಂದು ಕಟ್ಟಳೆ ನನಗೆ ಸರಿಬರಲಿಲ್ಲ. ಹೊಳೆ ತಿರುಗುವಲ್ಲಿ ಒಂದು ಮಡು ಇತ್ತು, ಕಪ್ಪಗೆ, ಆಳವಾಗಿ. ಅದರ ಬುಡದಲ್ಲಿ, ನೀರು ಮೊಣಕಾಲಿಗೆ ಇಳಿಯುವ ಕಡೆಯ ಮರಳಿಗೆ ತಿಮ್ಮಾಜಮ್ಮ ಬಿಟ್ಟರೆ ಬೇರೆ ಯಾರೂ ಮರಿಗೆ ಹಾಕುವಂತಿರಲಿಲ್ಲ. ಒಳ್ಳೆ ಜಾಗ ತಮಗೆ, ಕೆಸರು ನಮಗೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಒಂದು ದಿನ ತಡೆಯಲಾರದೆ ರೇವಣ್ಣನ ಹತ್ತಿರ ಆಡಿಯೇಬಿಟ್ಟೆ. ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ.

"ಅಮ್ಮನ ಯಜಮಾನ್ರು ಆ ಮಡೂಲೇ ಹೋದ್ರು ಅಂತಾರೆ ಸ್ವಾಮಿ."

"ಅಂತಾರೆ ಅಂದ್ರೆ?"

"ಹೆಣ ಸಿಗಲಿಲ್ವಲ್ಲ."

ತಿಮ್ಮಾಜಮ್ಮನವರ ಗಂಡ ಓಬಳಯ್ಯನಿಗೆ ನಾಟಕದ ಹುಚ್ಚು. ಆಚೆ ದಡದಲ್ಲಿ ಯಾವುದೋ ಕಂಪನಿ ಟೆಂಟು ಹಾಕಿದೆಯೆಂದು, ತುಂಬಿದ ಹೊಳೆಯನ್ನೂ ಲೆಕ್ಕಿಸದೆ ಹೊರಟವನು ಮರಳಲಿಲ್ಲ. ಮಡುವಿಗೆ ಬಿದ್ದ ಎಂದರು ಕೆಲವರು. ಕಂಪನಿಯವಳೊಬ್ಬಳ ಹಿಂದೆ ಓಡಿಹೋದ ಎಂದರು ಉಳಿದವರು. ಗಂಡ ಬಿಟ್ಟುಹೋದವಳು ಎಂದು ಊರು ಆಡಿಕೊಂಡರೆ ತಿಮ್ಮಾಜಮ್ಮ ತಾವೂ ಜೊತೆಗೆ ನಕ್ಕುಬಿಡುತ್ತಿದ್ದರಂತೆ. "ಹೋದೋನು ಬತ್ತಾನೆ ಬಿಡ್ರೇ, ಮೊಕದ ಬಣ್ಣ ಅಳಿಸ್ಕಂಡು." ಎಲ್ಲೋ ಇನ್ನೊಬ್ಬಳ ಜೊತೆಗಾದರೂ ಆತ ಬದುಕಿದ್ದರೆ ಸಾಕಾಗಿತ್ತು ಆ ಹೆಂಗಸಿಗೆ. ಇದನ್ನು ಕೇಳಿದ ಮೇಲೆ ನನ್ನ ಕುದಿ ಆರಿತು. ಪಾಪ, ಗಂಡನ ಗುರುತು ಹುಡುಕುತ್ತಿದ್ದಾರೆ ಎಂದುಕೊಂಡೆ.

ಅಣ್ಣ ಬದುಕಿದ್ದಾನೆ ಎಂಬುದನ್ನು ಒಪ್ಪದವನೆಂದರೆ ಓಬಳಯ್ಯನ ತಮ್ಮ ಮುದ್ದಯ್ಯ. ಹನ್ನೆರಡು ವರ್ಷ ತುಂಬಿತು, ಇನ್ನಾದರೂ ಹುಲ್ಲಿನ ಬೊಂಬೆ ಮಾಡಿ ಸುಟ್ಟು ಅಣ್ಣನ ಕರ್ಮ ಮುಗಿಸೋಣ ಎಂದು ಅವನು ಅತ್ತಿಗೆಯ ಬಾಗಿಲಿಗೆ ಬಂದು ಬೇಡುತ್ತಿದ್ದ. ಅವನಿಗೆ ಆಸ್ತಿಯ ಆಸೆ ಇರಲಿಲ್ಲ, ಹಂಚಿಕೊಳ್ಳಲು ಆಸ್ತಿಯೂ ಇರಲಿಲ್ಲ. "ಕನಸಲ್ಲಿ ಬಂದು ನೀರು ಕೇಳ್ತಾನೆ ಅತ್ಗೆಮ್ಮ. ಬಾಯಾರಿಕೆ ಕಣೋ ಮುದ್ದ ಅಂತಾನೆ," ಎಂದು ಅಷ್ಟೆತ್ತರದ ಗಂಡಸು ಬೀದಿಯಲ್ಲಿ ನಿಂತು ಅಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ತಿಮ್ಮಾಜಮ್ಮ ಹೊಸ್ತಿಲ ಮೇಲೆ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ್ದರು. "ಒಂದು ಗುರುತು ತೋರ್ಸು ಮುದ್ದಯ್ಯ. ಒಂದು ಮೂಳೆ ಆಗ್ಲಿ, ನಿಮ್ಮಣ್ಣನ ಕಿವಿ ಒಂಟಿ ಆಗ್ಲಿ. ಆವತ್ತೇ ಈ ಕುಂಕುಮ ನಾನೇ ಒರೆಸ್ಕಂಡು ಬಂದು ನಿನ್ನ ಬೊಂಬೆಗೆ ಬೆಂಕಿ ಇಕ್ತೀನಿ. ಅಲ್ಲೀಗಂಟ ನನ್ನ ಕೆಣಕಬೇಡ."

ಆಡಿದ ಮಾತಿಗೆ ತಪ್ಪುವವರಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಮುದ್ದಯ್ಯನಿಗೂ ಗೊತ್ತಿತ್ತು.

ಆ ವರ್ಷ ಹೊಳೆ ಹಿಂದೆಂದೂ ಕಾಣದ ಹಾಗೆ ಬಂತು. ಇಳಿದ ಮೇಲೆ ನಾವು ಹೋಗಿ ನೋಡಿದರೆ ಜಾಗದ ಗುರುತೇ ಇಲ್ಲ. ಮಡುವಿನ ಬುಡದ ಮರಳನ್ನು ಹೊಳೆ ಬಾಚಿಕೊಂಡು ಬಂದು ಕೆಳಗೆ, ನನ್ನಂಥ ಹೊಸಬರ ಕೆಸರಿನ ಮೇಲೆ ಸುರಿದಿತ್ತು. ಅಂದು ಮುದ್ದಯ್ಯನೂ ಬಂದಿದ್ದ. ಕರ್ಮದ ಮಾತನ್ನೇ ಮತ್ತೆ ಎತ್ತಲು ಬಂದು, ಅತ್ತಿಗೆ ನೀರಿನಿಂದ ಮೇಲೆ ಬರಲೆಂದು ದಡದ ಹೊಂಗೆಮರದ ಕೆಳಗೆ ಕೂತಿದ್ದ.

ಎರಡನೆಯದೋ ಮೂರನೆಯದೋ ಮರಿಗೆ. ಕಲ್ಲುಗಳನ್ನು ಕೈಯಲ್ಲೇ ಆರಿಸಿ ಎಸೆಯುವಾಗ ಬೆರಳಿಗೆ ದುಂಡಗಿನದೇನೋ ಸಿಕ್ಕಿತು. ಈ ಸಲ ನಾನು ಕೂಗಲಿಲ್ಲ. ರೇವಣ್ಣನ ಕೈಲಿ ಇನ್ನೆಷ್ಟು ಸಲ ಸಾವ್ಕಾರ ಅನ್ನಿಸಿಕೊಳ್ಳುವುದು! ಕಲಿಸಿದ ಹಾಗೆ ಬಿಸಿಲಿಗೆ ಬೆನ್ನು ಮಾಡಿ ನೆರಳಿಗೆ ಹಿಡಿದೆ. ಕಿವಿಯ ಒಂಟಿ ಅದು, ಗಂಡಸರು ಹಾಕಿಕೊಳ್ಳುವಂಥದು, ನಡುವೆ ಒಂದು ಕೆಂಪು ಹರಳು. ಬಣ್ಣ ಬಿಡಲಿಲ್ಲ. ನೆರಳಿನಲ್ಲಿ ಇನ್ನೂ ಹಳದಿಯಾಗಿ ಕಂಡಿತು. ಯುದ್ಧ ಗೆದ್ದವನ ಹಾಗೆ ಎದೆಯುಬ್ಬಿಸಿಕೊಂಡು ಹೋಗಿ, ಕಟ್ಟಳೆಯ ಪ್ರಕಾರ, ತಿಮ್ಮಾಜಮ್ಮನವರ ಅಂಗೈಗೆ ಇಟ್ಟೆ. ಅವರು ಬೀದಿಯಲ್ಲಿ ಆಡಿದ್ದ ಮಾತು ಆ ಗಳಿಗೆಯಲ್ಲಿ ನನ್ನ ತಲೆಯಲ್ಲೇ ಇರಲಿಲ್ಲ. ಮೊದಲ ಸಲ ಚಿನ್ನ ಸಿಕ್ಕಿದವನಿಗೆ ಬೇರೆ ಏನು ತಾನೆ ನೆನಪಿರುತ್ತದೆ?

ಅವರು ನೋಡಿದರು. ಮರಿಗೆ ಕೈಬಿಟ್ಟು ನೀರಿನ ಮೇಲೆ ತೇಲಿಕೊಂಡು ಹೊರಟಿತು. ಪೀರ್ ಸಾಹೇಬರು ಹೋಗಿ ಹಿಡಿದು ತಂದರು. ತಿಮ್ಮಾಜಮ್ಮ ಅಭ್ಯಾಸಬಲದಿಂದೆಂಬಂತೆ ಬಿಸಿಲಿಗೆ ಬೆನ್ನು ತಿರುಗಿಸಿ, ಅಂಗೈಯನ್ನು ತಮ್ಮ ನೆರಳಿಗೆ ತಂದುಕೊಂಡರು. ಅಷ್ಟು ಹೊತ್ತು ಅವರು ಯಾವ ಚಿನ್ನವನ್ನೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

ದಡದಲ್ಲಿ ಮುದ್ದಯ್ಯ ಎದ್ದು ನಿಂತ. "ಏನ್ ಅತ್ಗೆಮ್ಮ ಅದು? ಏನ್ ಸಿಕ್ತು?"

ಅವರ ಮುಷ್ಟಿ ಮುಚ್ಚಿತು.

"ಕಾಗೆಬಂಗಾರ," ಎಂದರು.

"ಅಲ್ಲಮ್ಮಾ, ನೆರಳಲ್ಲೂ—" ಎಂದು ನಾನು ಬಾಯಿ ತೆರೆದೆ. ಪೀರ್ ಸಾಹೇಬರು ನೀರಿನೊಳಗೇ ನನ್ನ ಪಾದದ ಮೇಲೆ ಕಾಲಿಟ್ಟು ಒತ್ತಿದರು. ಉಗುರು ಕಿತ್ತುಬರುವ ಹಾಗೆ ಒತ್ತಿದರು. ತಿರುಗಿ ನೋಡಿದರೆ ರೇವಣ್ಣನ ಮುಖದಲ್ಲಿ ರಕ್ತವಿರಲಿಲ್ಲ.

"ಹೌದು, ಕಾಗೆಬಂಗಾರ," ಎಂದ ರೇವಣ್ಣ.

"ಕಾಗೆಬಂಗಾರವೇ," ಎಂದರು ಪೀರ್ ಸಾಹೇಬರು.

ಮೂವರೂ ನನ್ನ ಕಡೆ ನೋಡಿದರು. ಆಗ ನನಗೆ ಬೀದಿಯ ಮಾತು ನೆನಪಾಯಿತು, ಕಿವಿ ಒಂಟಿ ಆಗ್ಲಿ ಎಂದಿದ್ದು. "ಕಾಗೆಬಂಗಾರ," ಎಂದೆ ನಾನೂ.

ತಿಮ್ಮಾಜಮ್ಮ ಕೈಯೆತ್ತಿ ಮಡುವಿನ ಕಡೆಗೆ ಬೀಸಿದರು. ಬುಳುಕ್ ಎಂದು ಸದ್ದಾಯಿತು. ನೀರಿನ ಮೇಲೆ ಎದ್ದ ಅಲೆಯ ಉಂಗುರಗಳು ದಡ ಮುಟ್ಟುವವರೆಗೂ ಮುದ್ದಯ್ಯ ನೋಡುತ್ತಿದ್ದು, ಅಂದು ಕರ್ಮದ ಮಾತು ಎತ್ತದೆ ಹೊರಟುಹೋದ.

ವಾಪಸು ಬರುವಾಗ ಪೀರ್ ಸಾಹೇಬರು ನನ್ನ ಪಕ್ಕ ನಡೆದರು. "ಕಾಲು ನೋಯ್ತಾ ಇದೆಯಾ?" ಎಂದರು. ಇಲ್ಲವೆಂದೆ. ಆಮೇಲೆ ತಾವಾಗಿಯೇ ಹೇಳಿದರು: "ಅಮ್ಮ ಅಲ್ಲಿ ತೊಳೀತಾ ಇದ್ದಿದ್ದು ಹುಡುಕೋದಕ್ಕಲ್ಲ ಸಾರ್. ಗುರುತು ಇನ್ನೊಬ್ಬರ ಕೈಗೆ ಸಿಗಬಾರದು ಅಂತ." ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

ಅಂದಿನಿಂದ ತಿಮ್ಮಾಜಮ್ಮನವರಲ್ಲಿ ಹೊರಗೆ ಕಾಣುವಂಥ ವ್ಯತ್ಯಾಸವೇನೂ ಆಗಲಿಲ್ಲ. ಕುಂಕುಮ ಅಷ್ಟೇ ದೊಡ್ಡದು. ಭಾನುವಾರ ತಪ್ಪಿಸುತ್ತಿರಲಿಲ್ಲ. ಆದರೆ ಮಡುವಿನ ಬುಡವನ್ನು ನಮಗೆ ಬಿಟ್ಟುಕೊಟ್ಟರು. "ಯಾರ್ ಬೇಕಾದ್ರೂ ತೊಳ್ಕಳಿ," ಎಂದರು. ನಮ್ಮಲ್ಲಿ ಯಾರೂ ಅಲ್ಲಿಗೆ ಹೋಗಲಿಲ್ಲ. ಮದುವೆ ಮನೆಗಳಿಗೂ ಅವರು ಮತ್ತೆ ಹೋಗಲಿಲ್ಲ. ಕರೆಯಲು ಬಂದವರಿಗೆ ಮಂಡಿನೋವು ಎನ್ನುತ್ತಿದ್ದರು. ಅದೇ ಮಂಡಿಯಲ್ಲಿ ಹೊಳೆಯ ನೀರಿನಲ್ಲಿ ಅರ್ಧ ದಿನ ನಿಲ್ಲುತ್ತಿದ್ದರು! ಊರು ಅದನ್ನು ಮುದಿತನದ ಹಟ ಎಂದುಕೊಂಡಿತು. ನಮಗೆ ಗೊತ್ತಿತ್ತು. ಬಾಯಿ ಒಂದು ಸುಳ್ಳಾಡಿತ್ತು, ಆದರೆ ಗಂಡ ಇಲ್ಲವೆಂದು ಗೊತ್ತಾದ ಮೇಲೆ ಇನ್ನೊಬ್ಬರ ಮಗಳ ಅರಿಶಿನಕ್ಕೆ ಕೈ ಇಡಲು ಅವರಿಂದಾಗಲಿಲ್ಲ. ನನಗೆ ಅವರನ್ನು ನೋಡಿದಾಗಲೆಲ್ಲ ಅಳು ಬರುತ್ತಿತ್ತು. ಹೇಗೆ ಹೊತ್ತುಕೊಂಡಿದ್ದರೋ ಮಹರಾಯ್ತಿ!

ಕೆಲವು ವರ್ಷಗಳ ಮೇಲೆ ಒಂದು ಚಳಿಗಾಲದಲ್ಲಿ ಅವರು ಜ್ವರ ಬಂದು ಮಲಗಿದವರು ಏಳಲಿಲ್ಲ. ನಾವು ಮೂವರೂ ಅಂಗಳದಲ್ಲಿ ನಿಂತಿದ್ದೆವು. ಒಳಗೆ ಹೆಂಗಸರು ಮೈ ತೊಳೆದು, ಮುತ್ತೈದೆಯನ್ನು ಕಳಿಸುವ ಹಾಗೆ ಅರಿಶಿನ ಹಚ್ಚಿ, ಹಸಿರು ಬಳೆ ತೊಡಿಸುತ್ತಿದ್ದರು. ಊರಿನ ಸೊಸೆಯರು ಅವರ ಹಣೆಯ ಕುಂಕುಮವನ್ನು ಮುಟ್ಟಿ ತಮ್ಮ ಹಣೆಗೆ ಇಟ್ಟುಕೊಳ್ಳಲು ಸಾಲಾಗಿ ಕಾಯುತ್ತಿದ್ದರು. ಜಗುಲಿಯ ಮೇಲೆ ಮುದ್ದಯ್ಯ ಕೂತಿದ್ದ, ತಲೆಯೆಲ್ಲ ನೆರೆತು.

ಅವನ ಸೊಸೆ, ಓಬಳಯ್ಯನನ್ನು ಎಂದೂ ನೋಡದ ಹುಡುಗಿ, ಒಳಗಿನಿಂದ ಏನನ್ನೋ ಹಿಡಿದು ಬಂದಳು.

"ಮಾವ, ದೊಡ್ಡತ್ತೆ ಸೀರೆ ಸೆರಗಿನ ಗಂಟಲ್ಲಿ ಇದಿತ್ತು. ಚಿನ್ನಾನಾ ಏನು?"

ಅದೇ ಒಂಟಿ. ಅಂದು ಬುಳುಕ್ ಎಂದದ್ದು ಬರೀ ಕಲ್ಲು, ಪೀರ್ ಸಾಹೇಬರು ಹಿಡಿದು ತಂದ ಮರಿಗೆಯಿಂದ ಎತ್ತಿಕೊಂಡದ್ದಿರಬೇಕು. ಆ ಒಂಟಿಯನ್ನು ಮುದ್ದಯ್ಯ ಅಂಗೈಗೆ ಹಾಕಿಸಿಕೊಂಡ. ಅಣ್ಣನ ಕಿವಿಯಲ್ಲಿ ಅದನ್ನು ಎಷ್ಟು ಸಲ ನೋಡಿದ್ದನೋ. ಅವನು ಒಂದು ಮಾತು ಆಡಿದರೆ ಸಾಕಿತ್ತು. ಒಳಗಿನ ಹೆಂಗಸರು ಕುಂಕುಮ ಒರೆಸಿ, ಬಳೆ ಒಡೆದು, ಬರಿಹಣೆಯಲ್ಲಿ ಅವರನ್ನು ಹೊರಗೆ ತರುತ್ತಿದ್ದರು. ಸಾಲಿನಲ್ಲಿ ನಿಂತವರು ಉಗಿದು ಮನೆಗೆ ಹೋಗುತ್ತಿದ್ದರು.

"ಕಾಗೆಬಂಗಾರ ಕಣಮ್ಮ ಅದು," ಎಂದ ರೇವಣ್ಣ. "ಹೊಳೇಲಿ ಸಿಗ್ತದೆ, ಬೇಕಾದಷ್ಟು."

ಮುದ್ದಯ್ಯ ತಲೆಯೆತ್ತಿ ನಮ್ಮನ್ನು ನೋಡಿದ. ರೇವಣ್ಣನನ್ನು, ಪೀರ್ ಸಾಹೇಬರನ್ನು, ಆಮೇಲೆ ನನ್ನನ್ನು. ಹೊಂಗೆಮರದ ಕೆಳಗಿನಿಂದ ಅವನು ಕೂಗಿ ಕೇಳಿದ್ದು, ನಾವು ಒಬ್ಬರಾದ ಮೇಲೊಬ್ಬರು ಹೇಳಿದ್ದು ಎಲ್ಲ ಅವನ ಕಣ್ಣಿನಲ್ಲಿ ಹಾದುಹೋಯಿತು. ಮತ್ತೆ ಅಂಗೈ ನೋಡಿಕೊಂಡ.

"ಹ್ಞೂಂ. ಕಾಗೆಬಂಗಾರವೇ," ಎಂದ. "ಎಲ್ಲಿತ್ತೋ ಅಲ್ಲೇ ಗಂಟು ಹಾಕವ್ವ. ಅತ್ಗೆಮ್ಮನ ಜೊತೇಲೇ ಹೋಗ್ಲಿ. ಕುಂಕುಮ ಇನ್ನಷ್ಟು ಇಡಿ."

ಹೊಳೆಯ ದಡದಲ್ಲೇ ಸುಟ್ಟರು. ಉಳಿದವರೆಲ್ಲ ಮುಳುಗೆದ್ದು ಹೊರಟ ಮೇಲೆ, ದಡದಲ್ಲಿ ನಾವು ಮೂವರು ನೋಡುತ್ತಿದ್ದಂತೆ, ಮುದ್ದಯ್ಯ ಒಬ್ಬನೇ ನೀರಿಗಿಳಿದ. ಬಿಸಿಲಿಗೆ ಬೆನ್ನು ಮಾಡಿ ನಿಂತು, ಬೊಗಸೆ ತುಂಬ ನೀರು ಎತ್ತಿ, ಅತ್ತಿಗೆಯ ಹೆಸರು ಹೇಳಿ ಬಿಟ್ಟ. ಆಮೇಲೆ ಮತ್ತೊಮ್ಮೆ ಬಗ್ಗಿ ಬೊಗಸೆ ತುಂಬಿಕೊಂಡ. ಈ ಸಲ ಯಾರ ಹೆಸರನ್ನೂ ಹೇಳಲಿಲ್ಲ. ಬೆರಳುಗಳ ಸಂದಿಯಿಂದ ನೀರು ಅವನ ನೆರಳಿನೊಳಕ್ಕೆ ಸುರಿಯುತ್ತಿತ್ತು.